ಮೈಕ್ರೋವೇವ್ ಕೈಕೊಟ್ಟಾಗ: ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು

"ಮೈಕ್ರೋವೇವ್ ಕೆಲಸ ಮಾಡ್ತಿಲ್ಲ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ದೀಪವೇ ಹತ್ತುತ್ತಿಲ್ಲವೋ? ದೀಪ ಹತ್ತಿ ಸ್ಟಾರ್ಟ್ ಆಗುತ್ತಿಲ್ಲವೋ? ಪ್ಲೇಟ್ ತಿರುಗಿ, ಸದ್ದು ಮಾಡಿ, ಕೊನೆಗೆ ಟಿಂಗ್ ಅಂದ ಮೇಲೂ ಊಟ ತಣ್ಣಗೇ ಇದೆಯೋ? ಒಂದೊಂದಕ್ಕೂ ಕಾರಣ ಬೇರೆ. ಮೊದಲನೆಯದು ಎಷ್ಟೋ ಸಲ ಗೋಡೆಯ ಸಾಕೆಟ್‌ನಲ್ಲೇ ಬಗೆಹರಿಯುತ್ತದೆ. ಎರಡನೆಯದರಲ್ಲಿ ಬಹಳ ಸಲ ಯಾವ ಕೆಡುಕೂ ಇರುವುದಿಲ್ಲ, ಲಾಕ್ ಬಿದ್ದಿರುತ್ತದೆ ಅಷ್ಟೇ. ಮೂರನೆಯದು ಒಳಗಿನ ತೊಂದರೆಯಾಗಿದ್ದರೆ ನಾವು ಕೈ ಹಾಕುವಂಥದ್ದಲ್ಲ. ಆದರೆ ಒಳಗಿನದ್ದೋ ಹೊರಗಿನದ್ದೋ ಎಂದು ತಿಳಿದುಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಕವರ್ ಮಾತ್ರ ಬಿಚ್ಚಬೇಡಿ

ಬೇರೆಲ್ಲಕ್ಕಿಂತ ಮೊದಲು ಇದನ್ನು ಹೇಳಿಬಿಡಬೇಕು. ಓವನ್ನಿನ ಹೊರಗಿನ ತಗಡಿನ ಕವರ್ ಬಿಚ್ಚಬೇಡಿ. ಪ್ಲಗ್ ತೆಗೆದಿದ್ದರೂ ಬೇಡ.

ಒಳಗಿರುವ ಟ್ರಾನ್ಸ್‌ಫಾರ್ಮರ್ ಮನೆಯ ಕರೆಂಟನ್ನು ಸುಮಾರು 2000 ವೋಲ್ಟ್‌ಗೆ ಏರಿಸುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು 4000 ವೋಲ್ಟ್‌ನ ಆಸುಪಾಸಿಗೆ ಒಯ್ಯುತ್ತವೆ. ಅಷ್ಟಿದ್ದರೇ ಮ್ಯಾಗ್ನೆಟ್ರಾನ್ ಎಂಬ ಭಾಗ ಅಲೆಗಳನ್ನು ಹೊರಡಿಸುವುದು. ತೊಂದರೆ ಇರುವುದು ಆ ಕೆಪಾಸಿಟರ್‌ನಲ್ಲಿ. ಪ್ಲಗ್ ಕಿತ್ತ ಮೇಲೂ ಅದು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಆ ಚಾರ್ಜ್ ನಿಧಾನಕ್ಕೆ ಇಳಿದುಹೋಗಲಿ ಎಂದು ಒಂದು ರೆಸಿಸ್ಟರ್ ಹಾಕಿರುತ್ತಾರೆ, ನಿಜ. ಅದೇ ಕೆಟ್ಟಿದ್ದರೆ? ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮಿಕ್ಸಿ, ಫ್ಯಾನ್ ಬಿಚ್ಚಿ ಜೋಡಿಸಿದ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮುಟ್ಟಿದರೆ ಜೀವಕ್ಕೇ ಅಪಾಯ.

ಇನ್ನು ಮುಂದೆ ಹೇಳುವುದೆಲ್ಲ ಕವರಿನ ಹೊರಗಡೆ, ಇಲ್ಲವೇ ಅಡುಗೆ ಇಡುವ ಗೂಡಿನ ಒಳಗಡೆ ಮಾಡುವ ಕೆಲಸಗಳು.

ಏನೂ ಹತ್ತುತ್ತಿಲ್ಲ

1. ಅದೇ ಸಾಕೆಟ್‌ಗೆ ಇನ್ನೊಂದು ಉಪಕರಣ ಹಾಕಿ ನೋಡಿ. ಫೋನ್ ಚಾರ್ಜರ್ ಹಾಕಿ "ಕರೆಂಟ್ ಇದೆಯಲ್ಲ" ಎಂದು ಸುಮ್ಮನಾಗಬೇಡಿ. ಸಾಕೆಟ್ ಸಡಿಲವಾಗಿದ್ದರೂ ಚಾರ್ಜರ್ ನಡೆಯುತ್ತದೆ. ಇಸ್ತ್ರಿಪೆಟ್ಟಿಗೆಯೋ ನೀರು ಕಾಯಿಸುವ ಕೆಟಲ್ಲೋ ಹಾಕಿದರೆ ಸಾಕೆಟ್‌ನ ನಿಜವಾದ ಯೋಗ್ಯತೆ ತಿಳಿಯುತ್ತದೆ.

2. ಓವನ್ನಿನ ಪ್ಲಗ್ ಪಿನ್ನುಗಳನ್ನು ನೋಡಿ. ಕಂದು ಬಣ್ಣಕ್ಕೆ ತಿರುಗಿವೆಯೇ? ಪಿನ್ನಿನ ಬುಡದ ಪ್ಲಾಸ್ಟಿಕ್ ಮೆತ್ತಗಾಗಿ ಕರಗಿದಂತಿದೆಯೇ? ಹಾಗಿದ್ದರೆ ಪ್ಲಗ್, ಸಾಕೆಟ್ ಎರಡನ್ನೂ ಬದಲಾಯಿಸಬೇಕು. 800 ವ್ಯಾಟ್ ಎಂದು ಬರೆದಿರುವ ಓವನ್ ಗೋಡೆಯಿಂದ ಎಳೆಯುವುದು ಸುಮಾರು 1200 ವ್ಯಾಟ್. 800 ಎನ್ನುವುದು ಆಹಾರಕ್ಕೆ ಸಿಗುವ ಲೆಕ್ಕ, ಉಳಿದದ್ದು ಒಳಗೇ ಶಾಖವಾಗಿ ಹೋಗುತ್ತದೆ. ಅದಕ್ಕೇ ಮೈಕ್ರೋವೇವ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಒಳ್ಳೆಯದಲ್ಲ.

3. ಮೇನ್ ಬೋರ್ಡಿನಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಬಿದ್ದಿದೆಯೇ ನೋಡಿ.

4. ತುಂಬ ಹೊತ್ತು ಓಡಿಸಿದ ಮೇಲೆ ತಟ್ಟನೆ ನಿಂತಿದ್ದರೆ ಪ್ಲಗ್ ತೆಗೆದು ಒಂದು ಗಂಟೆ ಹಾಗೇ ಬಿಡಿ. ಬಿಸಿ ಜಾಸ್ತಿಯಾದರೆ ತಾನಾಗಿಯೇ ಕರೆಂಟ್ ಕತ್ತರಿಸುವ ಭಾಗಗಳು ಒಳಗಿವೆ. ಕೆಲವು ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಇದು ಪದೇ ಪದೇ ಆಗುತ್ತಿದ್ದರೆ ಓವನ್ನನ್ನು ಗೋಡೆಗೆ ಒತ್ತಿ ಇಟ್ಟಿದ್ದೀರಾ, ಮೇಲೆ ಬಟ್ಟೆ ಹೊದಿಸಿದ್ದೀರಾ, ಪಕ್ಕದ ಗಾಳಿ ಕಿಂಡಿಗಳಲ್ಲಿ ಧೂಳು ಕೂತಿದೆಯಾ ನೋಡಿ.

5. ಕರೆಂಟ್ ಹೋಗಿ ಬಂದ ಮೇಲೆ ಡಿಸ್‌ಪ್ಲೇ ಸತ್ತಿದ್ದರೆ ಐದು ನಿಮಿಷ ಪ್ಲಗ್ ತೆಗೆದಿಟ್ಟು ಮತ್ತೆ ಹಾಕಿ. ಕಂಟ್ರೋಲ್ ಬೋರ್ಡ್ ಸಿಕ್ಕಿಕೊಂಡಿದ್ದರೆ ಸರಿಹೋಗುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಒಳಗಿನ ಫ್ಯೂಸ್ ಹೋಗಿರಬಹುದು. ಮೆಕ್ಯಾನಿಕ್ ಬಂದು ಫ್ಯೂಸ್ ಬದಲಿಸಿ ಎದ್ದು ಹೊರಟರೆ "ಯಾಕೆ ಹೋಯ್ತು?" ಎಂದು ಕೇಳಿಯೇ ಕಳಿಸಿ. ಫ್ಯೂಸ್ ಸುಮ್ನೆ ಹೋಗುವುದು ಕಡಿಮೆ. ಬಾಗಿಲ ಸ್ವಿಚ್ಚೋ ಕೆಪಾಸಿಟರೋ ಕೆಟ್ಟಿದ್ದರೆ ಹೊಸ ಫ್ಯೂಸೂ ಅದೇ ದಾರಿ ಹಿಡಿಯುತ್ತದೆ.

ಡಿಸ್‌ಪ್ಲೇ ಇದೆ, ಸ್ಟಾರ್ಟ್ ಆಗುತ್ತಿಲ್ಲ

ಮೊದಲು ಚೈಲ್ಡ್ ಲಾಕ್. ಡಿಸ್‌ಪ್ಲೇಯಲ್ಲಿ ಬೀಗದ ಅಥವಾ ಕೀಲಿಯ ಚಿಹ್ನೆ ಕಂಡರೆ ಅದೇ. ಬಹಳ ಮಾಡೆಲ್‌ಗಳಲ್ಲಿ ಸ್ಟಾಪ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಓವನ್ ಒರೆಸುವಾಗ ಬಟ್ಟೆ ಒತ್ತಿಯೇ ಲಾಕ್ ಬೀಳುವುದುಂಟು. ಕೆಲವು ಮಾಡೆಲ್‌ಗಳು ಗಡಿಯಾರದ ಸಮಯ ಸೆಟ್ ಮಾಡುವವರೆಗೂ ಓಡುವುದಿಲ್ಲ.

ಆಮೇಲೆ ಬಾಗಿಲು. ಮುಚ್ಚಿದಾಗ "ಕ್ಲಿಕ್" ಎಂದು ಗಟ್ಟಿಯಾಗಿ ಕೇಳಬೇಕು. ಬಾಗಿಲಿನ ಅಂಚಿನಲ್ಲಿರುವ ಎರಡು ಕೊಕ್ಕೆಗಳು ಎದುರಿನ ಕಿಂಡಿಗಳೊಳಗೆ ಹೋಗಿ ಸ್ವಿಚ್ಚುಗಳನ್ನು ಒತ್ತುತ್ತವೆ. ಸಾಮಾನ್ಯವಾಗಿ ಮೂರು ಸ್ವಿಚ್ ಇರುತ್ತವೆ. ಎರಡು ಸರಿಯಾಗಿ ಕೂಡಿದರೆ ಮಾತ್ರ ಓವನ್ ಓಡುತ್ತದೆ. ಮೂರನೆಯದು ಕಾವಲಿಗೆ. ಮೊದಲಿನವು ಅಂಟಿಕೊಂಡು ಬಾಗಿಲು ತೆರೆದಾಗಲೂ ಕರೆಂಟ್ ಬಿಡುತ್ತಿದ್ದರೆ, ಇದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ಕೊಕ್ಕೆ ಮುರಿದಿದೆಯೇ, ಕಿಂಡಿಯ ಬಾಯಲ್ಲಿ ಆಹಾರದ ಚೂರು ಸಿಕ್ಕಿದೆಯೇ ನೋಡಿ. ಕಿಂಡಿಯೊಳಗೆ ಏನನ್ನೂ ತೂರಿಸಬೇಡಿ.

ಒಂದು ಚಿಕ್ಕ ಪರೀಕ್ಷೆ. ಒಳಗೆ ಒಂದು ಲೋಟ ನೀರಿಟ್ಟು ಬಾಗಿಲು ಹಾಕಿ. ಬಾಗಿಲನ್ನು ಹಿಡಿ ಇರುವ ಕಡೆ ಸ್ವಲ್ಪ ಎತ್ತಿ ಹಿಡಿದು ಸ್ಟಾರ್ಟ್ ಒತ್ತಿ. ಓಡಿದರೆ ಕೀಲು ಸಡಿಲವಾಗಿ ಬಾಗಿಲು ಜೋತುಬಿದ್ದಿದೆ ಎಂದರ್ಥ. ಅಲ್ಲಿಗೆ ಕಾರಣ ಸಿಕ್ಕಿತು, ಸ್ಟಾಪ್ ಒತ್ತಿ. "ಎತ್ತಿ ಹಿಡಿದರೆ ಓಡುತ್ತಲ್ಲ" ಎಂದು ದಿನಾ ಹಾಗೇ ನಡೆಸಬೇಡಿ. ಬಾಗಿಲು ಸರಿಯಾಗಿ ಕೂರದ ಮೈಕ್ರೋವೇವನ್ನು ಬಳಸಬಾರದು.

ಕೆಲವು ಬಟನ್ ಮಾತ್ರ ಕೆಲಸ ಮಾಡುತ್ತಿಲ್ಲವೇ? ಹೆಚ್ಚು ಒತ್ತುವ ಬಟನ್ನಿನ ಪದರ ಮೊದಲು ಸವೆಯುತ್ತದೆ. ಹಬೆಯ ತೇವ ಒಳಗೆ ಹೋಗಿದ್ದರೆ ಒಂದು ದಿನ ಒಣಗಲು ಬಿಟ್ಟರೆ ಸರಿಯಾಗಬಹುದು. ಜಿರಳೆಯನ್ನೂ ಮರೆಯಬೇಡಿ. ಬೆಚ್ಚಗಿರುವ ಕಂಟ್ರೋಲ್ ಬೋರ್ಡ್ ಅವಕ್ಕೆ ತುಂಬ ಇಷ್ಟದ ಜಾಗ. ಡಿಸ್‌ಪ್ಲೇ ಗಾಜಿನ ಹಿಂದೆ ಮರಿಗಳು ಓಡಾಡುವುದು ಕಂಡರೆ ಕಾರಣ ಹುಡುಕುವುದೇ ಬೇಡ.

ಎಲ್ಲ ನಡೆಯುತ್ತದೆ, ಬಿಸಿ ಮಾತ್ರ ಆಗುವುದಿಲ್ಲ

ಹೆದರುವ ಮೊದಲು ಪವರ್ ಲೆವೆಲ್ ನೋಡಿ. ಡಿಫ್ರಾಸ್ಟ್‌ನಲ್ಲೋ 30 ಶೇಕಡಾದಲ್ಲೋ ಇಟ್ಟು ಬಿಸಿಯಾಗುತ್ತಿಲ್ಲ ಎಂದು ಬೇಸರಪಡುವವರು ಬಹಳ. ಮಾಮೂಲಿ ಟ್ರಾನ್ಸ್‌ಫಾರ್ಮರ್ ಓವನ್‌ಗಳಲ್ಲಿ ಅರ್ಧ ಪವರ್ ಎಂದರೆ ಮ್ಯಾಗ್ನೆಟ್ರಾನ್ ಅರ್ಧ ಶಕ್ತಿಯಲ್ಲಿ ಓಡುವುದಲ್ಲ. ಸ್ವಲ್ಪ ಹೊತ್ತು ಪೂರ್ತಿ ಓಡುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಿವಿಗೊಟ್ಟರೆ ಕೇಳುತ್ತದೆ: ಗುಂಯ್ ಎಂಬ ದಪ್ಪ ಸದ್ದು ಬಂದು, ನಿಂತು, ಮತ್ತೆ ಬರುತ್ತದೆ. ನಡುವೆ ಫ್ಯಾನಿನ ಸದ್ದಷ್ಟೇ. ಇದು ಕೆಟ್ಟಿರುವುದರ ಗುರುತಲ್ಲ. ಪವರನ್ನೇ ಏರಿಳಿಸುವ ಇನ್ವರ್ಟರ್ ಮಾಡೆಲ್‌ಗಳಲ್ಲಿ ಈ ಬಿಟ್ಟು ಬಿಟ್ಟು ಬರುವ ಸದ್ದು ಅಷ್ಟಾಗಿ ಇರುವುದಿಲ್ಲ.

ಪವರ್ ಹೈ ಇದ್ದೂ ಅನುಮಾನವಿದ್ದರೆ ನೀರಿನ ಪರೀಕ್ಷೆ ಮಾಡಿ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಎಲ್ಲಕ್ಕಿಂತ ನಂಬಿಕೆ ಇದರ ಮೇಲೆ. ಯಾಕೆಂದರೆ ಇದರಲ್ಲಿ "ಮೊದಲಿನಷ್ಟು ಬಿಸಿ ಆಗಲ್ಲ ಅನ್ಸುತ್ತೆ" ಎಂಬ ಅಂದಾಜು ಇಲ್ಲ, ಅಂಕಿಯೇ ಸಿಗುತ್ತದೆ.

1. ಓವನ್ ತಣ್ಣಗಿರಲಿ. ಆಗ ತಾನೇ ಓಡಿಸಿದ್ದರೆ ಫಲಿತಾಂಶ ಕಡಿಮೆ ಬರುತ್ತದೆ.

2. ಮೈಕ್ರೋವೇವ್‌ಗೆ ಆಗುವ ತೆಳುವಾದ ಬಟ್ಟಲಿನಲ್ಲಿ ಸರಿಯಾಗಿ 1 ಲೀಟರ್ ನೀರು ಹಾಕಿ. ಥರ್ಮಾಮೀಟರ್ ಇಟ್ಟು ಉಷ್ಣಾಂಶ ಬರೆದುಕೊಳ್ಳಿ. ಜ್ವರ ನೋಡುವುದಲ್ಲ, ಅಡುಗೆಯದ್ದು. ಅಳೆದ ಮೇಲೆ ಅದನ್ನು ಹೊರಗೆ ತೆಗೆಯಿರಿ.

3. ಹೈ ಪವರ್‌ನಲ್ಲಿ ಸರಿಯಾಗಿ 1 ನಿಮಿಷ ಓಡಿಸಿ.

4. ಹೊರತೆಗೆದು, ಚೆನ್ನಾಗಿ ಕಲಕಿ, ತಡಮಾಡದೆ ಮತ್ತೆ ಅಳೆಯಿರಿ.

5. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೋ ಅದನ್ನು 70ರಿಂದ ಗುಣಿಸಿ. ಬಂದದ್ದು ನಿಮ್ಮ ಓವನ್ನಿನ ವ್ಯಾಟ್.

24 ಡಿಗ್ರಿ ಇದ್ದ ನೀರು 34 ಆದರೆ 10 ಗುಣಿಸು 70, ಅಂದರೆ 700 ವ್ಯಾಟ್. 1 ಲೀಟರ್ ನೀರು 1 ಡಿಗ್ರಿ ಏರಲು ಸುಮಾರು 4186 ಜೂಲ್ ಬೇಕು. ಅದನ್ನು 60 ಸೆಕೆಂಡಿಗೆ ಭಾಗಿಸಿದರೆ 70ರ ಹತ್ತಿರ ಬರುತ್ತದೆ, ಲೆಕ್ಕ ಇಷ್ಟೇ. ಪಾತ್ರೆಯೂ ಸ್ವಲ್ಪ ಶಾಖ ಕುಡಿಯುವುದರಿಂದ 800 ವ್ಯಾಟ್ ಓವನ್ನಿಗೆ 650, 700 ಬಂದರೆ ಚಿಂತೆ ಬೇಡ. 400 ಬಂದರೆ ಏನೋ ಆಗಿದೆ. ಆದರೂ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಅಳೆಯಿರಿ. ಮನೆಗೆ ಬರುವ ವೋಲ್ಟೇಜ್ ಕುಸಿದಿದ್ದರೂ ಬಿಸಿ ಕಡಿಮೆಯಾಗುತ್ತದೆ. ಎರಡೂ ಸಲ ಅಷ್ಟೇ ಬಂದರೆ ಮ್ಯಾಗ್ನೆಟ್ರಾನ್ ಸೊರಗಿರುವ ಸಾಧ್ಯತೆ ಹೆಚ್ಚು.

ಥರ್ಮಾಮೀಟರ್ ಇಲ್ಲವೇ? ಒಂದು ಕಪ್ ನೀರನ್ನು ಹೈನಲ್ಲಿ 2 ನಿಮಿಷ ಇಡಿ. ಕುದಿಯುವ ಹತ್ತಿರಕ್ಕಾದರೂ ಬರಬೇಕು. ಕಪ್‌ನಲ್ಲಿ ಒಂದು ಮರದ ಚಮಚ ಬಿಟ್ಟಿರಿ. ನುಣುಪಾದ ಪಾತ್ರೆಯಲ್ಲಿ ನೀರು ಗುಳ್ಳೆಯೇ ಬಾರದೆ ಕುದಿಯುವ ಮಟ್ಟವನ್ನು ದಾಟಿಬಿಡಬಹುದು. ಆಮೇಲೆ ಕಪ್ ಅಲುಗಿದರೆ ಸಾಕು, ನೀರು ತಟ್ಟನೆ ಉಕ್ಕಿ ಕೈ ಸುಡುತ್ತದೆ.

ನೀರು ಸ್ವಲ್ಪವೂ ಬಿಸಿಯಾಗಲಿಲ್ಲ ಎಂದರೆ ಸದ್ದನ್ನು ಗಮನಿಸಿ, ಮೆಕ್ಯಾನಿಕ್‌ಗೆ ಹೇಳಲು ಬೇಕು. ಮಾಮೂಲಿಗಿಂತ ಜೋರಾಗಿ, ಒರಟಾಗಿ ಗುಂಯ್‌ಗುಡುತ್ತಿದ್ದರೆ ಹೈ ವೋಲ್ಟೇಜ್ ಡಯೋಡ್, ಕೆಪಾಸಿಟರ್ ಅಥವಾ ಮ್ಯಾಗ್ನೆಟ್ರಾನ್ ಶಾರ್ಟ್ ಆಗಿರಬಹುದು. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿಲ್ಲವಾದರೆ ಟ್ರಾನ್ಸ್‌ಫಾರ್ಮರ್‌ವರೆಗೆ ಕರೆಂಟೇ ಹೋಗುತ್ತಿಲ್ಲದಿರಬಹುದು. ಎರಡರಲ್ಲೂ ಓವನ್ನನ್ನು ಮತ್ತೆ ಮತ್ತೆ ಓಡಿಸಿ ನೋಡಬೇಡಿ.

ಒಂದು ಕಡೆ ಸುಡುಸುಡು, ಇನ್ನೊಂದು ಕಡೆ ತಣ್ಣಗೆ? ಇದು ಓವನ್ನಿನ ಸ್ವಭಾವ. ಒಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗಳಿಗೆ ಬಡಿದು ವಾಪಸ್ ಬರುವಾಗ ಕೆಲವು ಜಾಗದಲ್ಲಿ ಶಾಖ ಜಾಸ್ತಿ, ಕೆಲವು ಜಾಗದಲ್ಲಿ ಕಡಿಮೆ ಆಗುತ್ತದೆ. ಪ್ಲೇಟ್ ತಿರುಗುವುದೇ ಇದಕ್ಕಾಗಿ. ಆಹಾರವನ್ನು ನಡುವೆ ಗುಡ್ಡೆ ಹಾಕದೆ ತಟ್ಟೆಯ ಅಂಚಿನುದ್ದಕ್ಕೂ ಹರಡಿ, ಅರ್ಧದಲ್ಲಿ ಒಮ್ಮೆ ಕಲಕಿ, ಆದಮೇಲೆ ಎರಡು ನಿಮಿಷ ಬಿಡಿ.

ಕಿಡಿ ಹಾರುತ್ತಿದೆ

ತಕ್ಷಣ ಸ್ಟಾಪ್ ಒತ್ತಿ. ಆಮೇಲೆ ಒಳಗೇನಿತ್ತು ನೋಡಿ: ಫಾಯಿಲ್ ಚೂರು, ಲೋಹದ ಚಮಚ, ಚಿನ್ನದ ಅಂಚಿನ ಪಿಂಗಾಣಿ ತಟ್ಟೆ, ಪೊಟ್ಟಣ ಕಟ್ಟಿದ ತಂತಿ. ಗ್ರಿಲ್‌ಗೆಂದು ಕೊಟ್ಟ ಲೋಹದ ಸ್ಟ್ಯಾಂಡನ್ನು ಮರೆತು ಮೈಕ್ರೋ ಮೋಡ್‌ನಲ್ಲಿ ಓಡಿಸುವುದು ಇನ್ನೂ ಸಾಮಾನ್ಯ.

ಇದ್ಯಾವುದೂ ಇಲ್ಲವಾದರೆ ಮೈಕಾ ಹಾಳೆ ನೋಡಿ. ಬಾಗಿಲು ತೆರೆದರೆ ಒಳಗೋಡೆಯ ಮೇಲೆ, ಹೆಚ್ಚಾಗಿ ಬಲಗಡೆ, ಅಂಗೈಯಗಲದ ಬೂದು ಅಥವಾ ಕಂದು ಬಣ್ಣದ ಹಾಳೆಯೊಂದು ಕಾಣುತ್ತದೆ. ಮುಟ್ಟಿದರೆ ರಟ್ಟಿನಂತೆ, ಸ್ವಲ್ಪ ಮಿನುಗು. ಇದನ್ನು ಪ್ಯಾಕಿಂಗ್ ರಟ್ಟು ಎಂದುಕೊಂಡು ಕಿತ್ತೆಸೆದವರೂ ಇದ್ದಾರೆ! ಅಲೆಗಳು ಒಳಗೆ ಬರುವ ಬಾಯಿ ಇದರ ಹಿಂದಿದೆ. ಆ ಬಾಯಿಗೆ ಎಣ್ಣೆ, ಹಬೆ ಹೋಗದಂತೆ ಇದು ತಡೆಯುತ್ತದೆ. ಹಾಳೆಯ ಮೇಲೆ ಎಣ್ಣೆ ಸಿಡಿದು ಕೂತರೆ ಆ ಜಾಗ ಕಾದು ಮೊದಲು ಕಂದಾಗುತ್ತದೆ, ಆಮೇಲೆ ಕಪ್ಪಗೆ ಇದ್ದಿಲಾಗುತ್ತದೆ. ಇದ್ದಿಲು ವಿದ್ಯುತ್ ಹರಿಯಲು ಬಿಡುತ್ತದೆ, ಅಲ್ಲಿಂದಲೇ ಕಿಡಿ. ಕೊನೆಗೆ ತೂತು ಬೀಳುತ್ತದೆ.

ಬದಲಿಸುವುದು ಹೀಗೆ. ಪ್ಲಗ್ ತೆಗೆಯಿರಿ. ಹಾಳೆ ಒಂದು ಸ್ಕ್ರೂನಲ್ಲೋ ಪ್ಲಾಸ್ಟಿಕ್ ಗುಂಡಿಯಲ್ಲೋ ನಿಂತಿರುತ್ತದೆ, ಕೆಲವು ಬರೀ ಅಂಚಿನ ಸೀಳುಗಳಲ್ಲಿ. ಮುರಿಯದಂತೆ ಈಚೆ ತೆಗೆಯಿರಿ. ಗೋಡೆಯ ಜಿಡ್ಡನ್ನು ಸೋಪು ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ. ಹಿಂದಿನ ಬಾಯೊಳಗೆ ಕೈಯಾಗಲಿ ನೀರಾಗಲಿ ಹೋಗಬಾರದು. ಹೊಸ ಮೈಕಾ ಹಾಳೆ ಬಿಡಿ ಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದನ್ನು ಅದರ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಕತ್ತರಿಯಿಂದ ಕತ್ತರಿಸಿ. ನಿಧಾನ ಮಾಡಿ, ಅವಸರಪಟ್ಟರೆ ಮೂಲೆಯಲ್ಲಿ ಪದರ ಪದರವಾಗಿ ಏಳುತ್ತದೆ. ಕೂರಿಸಿ, ಪೂರ್ತಿ ಒಣಗಿದ ಮೇಲೆ ಒಂದು ಲೋಟ ನೀರಿಟ್ಟು ಓಡಿಸಿ ನೋಡಿ. ಹಳೆಯ ಹಾಳೆ ತೆಗೆದು ಹೊಸದು ಸಿಗುವವರೆಗೆ ಓವನ್ ಬಳಸಬೇಡಿ.

ಒಳಗೋಡೆಯ ಪೇಂಟ್ ಎದ್ದು ತಗಡು ಕಾಣುತ್ತಿದ್ದರೂ ಕಿಡಿ ಬರುತ್ತದೆ. ಚಿಕ್ಕ ಜಾಗವಾದರೆ ಮೈಕ್ರೋವೇವ್‌ಗೆಂದೇ ಮಾಡಿದ ಪೇಂಟ್ ಹಚ್ಚಬಹುದು, ಬೇರೆ ಯಾವ ಪೇಂಟೂ ಆಗದು. ತುಕ್ಕು ತಿಂದು ತೂತಾಗಿದ್ದರೆ ಆ ಓವನ್ನಿನ ಕಥೆ ಮುಗಿಯಿತು.

ಪ್ಲೇಟ್ ತಿರುಗುತ್ತಿಲ್ಲ

ಗಾಜಿನ ಪ್ಲೇಟ್ ನಡುವಿನ ಕೂಡುಭಾಗದ ಮೇಲೆ ಸರಿಯಾಗಿ ಕೂತಿಲ್ಲದಿರಬಹುದು. ಪ್ಲೇಟ್ ಎತ್ತಿ, ಕೆಳಗಿನ ಚಕ್ರದ ರಿಂಗ್ ತೆಗೆದು ಎರಡನ್ನೂ ತೊಳೆಯಿರಿ. ರಿಂಗ್ ಓಡುವ ಜಾಗದ ಜಿಡ್ಡನ್ನೂ ಒರೆಸಿ. ಗರಗರ ಸದ್ದಿಗೂ ಇದೇ ಮದ್ದು. ಪಾತ್ರೆ ಗೋಡೆಗೆ ತಗುಲುತ್ತಿದ್ದರೂ ಪ್ಲೇಟ್ ನಿಲ್ಲುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದರೆ ಗಾಬರಿ ಬೇಡ, ಆ ಮೋಟರ್ ಇರುವುದೇ ಹಾಗೆ. ತೊಳೆದ ಮೇಲೂ ತಿರುಗದಿದ್ದರೆ ಮೋಟರ್ ಹೋಗಿರಬಹುದು. ಚಿಕ್ಕ ಭಾಗ, ರಿಪೇರಿ ದೊಡ್ಡದಲ್ಲ.

ಎಂಸಿಬಿ ಬೀಳುತ್ತದೆ

ಯಾವಾಗ ಬೀಳುತ್ತದೆ ಎನ್ನುವುದೇ ಇಲ್ಲಿ ಸುಳಿವು. ಬಾಗಿಲು ತೆರೆಯುವಾಗಲೋ ಮುಚ್ಚುವಾಗಲೋ ಬಿದ್ದರೆ ಬಾಗಿಲ ಸ್ವಿಚ್ಚುಗಳ ಮೇಲೆ ಅನುಮಾನ. ಸ್ಟಾರ್ಟ್ ಒತ್ತಿದ ಕೂಡಲೇ ಬಿದ್ದರೆ ಹೈ ವೋಲ್ಟೇಜ್ ಭಾಗದಲ್ಲಿ ಶಾರ್ಟ್ ಇರಬಹುದು. ಕೆಲವು ನಿಮಿಷ ಓಡಿ ಬಿದ್ದರೆ ಅದೇ ಲೈನಿನಲ್ಲಿ ಕೆಟಲ್, ಟೋಸ್ಟರ್ ಓಡುತ್ತಿವೆಯೇ ನೋಡಿ. ಅವನ್ನು ಆರಿಸಿ ಓವನ್ ಒಂದನ್ನೇ ಓಡಿಸಿದಾಗ ಬೀಳದಿದ್ದರೆ ಓವನ್ನಿನ ತಪ್ಪಿಲ್ಲ. ದೊಡ್ಡ ಎಂಸಿಬಿ ಹಾಕಿಸಿಬಿಡೋಣ ಎನ್ನುವುದು ಮಾತ್ರ ಕೆಟ್ಟ ಉಪಾಯ. ವೈರ್ ಅಷ್ಟು ತಾಳದಿದ್ದರೆ ಗೋಡೆಯೊಳಗೇ ಬಿಸಿಯಾಗುತ್ತದೆ.

ಇವು ತೊಂದರೆಗಳಲ್ಲ

ಟಿಂಗ್ ಅಂದ ಮೇಲೂ ಫ್ಯಾನ್ ಓಡುವುದು, ಬಾಗಿಲ ಗಾಜಿನ ಮೇಲೆ ನೀರು ಕೂರುವುದು, ಕಿಂಡಿಯಿಂದ ಬಿಸಿ ಗಾಳಿ ಬರುವುದು, ಹೊಸ ಓವನ್ನಿನ ಗ್ರಿಲ್ ಮೊದಲ ಸಲ ಹಚ್ಚಿದಾಗ ಸ್ವಲ್ಪ ಹೊಗೆ, ವಾಸನೆ ಬರುವುದು. ಓವನ್ ಓಡುವಾಗ ವೈಫೈ ನಿಧಾನವಾಗುವುದೂ ಇದೇ ಸಾಲಿಗೆ ಸೇರಿದ್ದು. ಓವನ್ನಿನ ಅಲೆ 2.45 ಗಿಗಾಹರ್ಟ್ಸ್, ವೈಫೈಯದ್ದೂ ಒಂದು ಬ್ಯಾಂಡ್ 2.4. ಕೂದಲೆಳೆಯಷ್ಟು ಸೋರಿಕೆಯೂ ಅದಕ್ಕೆ ಅಡ್ಡಿ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿಕೊಳ್ಳಿ.

ಸುಟ್ಟ ವೈರಿನ ವಾಸನೆ ಬೇರೆ. ಬಂದರೆ ಪ್ಲಗ್ ತೆಗೆಯಿರಿ. ಒಳಗಿನ ಆಹಾರಕ್ಕೆ ಬೆಂಕಿ ಹತ್ತಿದರೆ ಬಾಗಿಲು ತೆರೆಯಬೇಡಿ. ಸ್ವಿಚ್ ಆರಿಸಿ, ಮುಚ್ಚಿಯೇ ಇಡಿ. ಗಾಳಿ ಸಿಗದೆ ಬೆಂಕಿ ತಣಿಯುತ್ತದೆ.

ಬಾಗಿಲು ಮತ್ತು ಸೋರಿಕೆ

ಗಾಜಿನ ಹಿಂದಿನ ಜಾಲರಿಯ ತೂತು ಒಂದೆರಡು ಮಿಲಿಮೀಟರ್, ಅಲೆ 12 ಸೆಂಟಿಮೀಟರ್. ಹಾಗಾಗಿ ಬೆಳಕು ದಾಟುತ್ತದೆ, ಆ ಅಲೆ ದಾಟುವುದಿಲ್ಲ. ಜಾಲರಿ ಹರಿದಿದ್ದರೆ, ಬಾಗಿಲು ಸೊಟ್ಟಗಾಗಿದ್ದರೆ, ಅಂಚು ಸುಟ್ಟಿದ್ದರೆ ಬಳಕೆ ನಿಲ್ಲಿಸಿ. ಬಾಗಿಲು ತೆರೆದ ಮೇಲೂ ಓವನ್ ಓಡುತ್ತಲೇ ಇದ್ದರೆ ಆ ಕ್ಷಣವೇ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ, ಮತ್ತೆ ಹಾಕಬೇಡಿ.

ಒಳಗೆ ಫೋನ್ ಇಟ್ಟು ರಿಂಗ್ ಆಗುತ್ತಾ ನೋಡುವ ಪರೀಕ್ಷೆ ಬಹಳ ಜನಪ್ರಿಯ. ಅದರಿಂದ ಏನೂ ಗೊತ್ತಾಗುವುದಿಲ್ಲ. ಫೋನ್ ತೀರಾ ಕ್ಷೀಣ ಸಿಗ್ನಲ್ಲನ್ನೂ ಹಿಡಿಯುತ್ತದೆ, ಅದರ ಬ್ಯಾಂಡೂ ಬೇರೆ ಇರಬಹುದು. ಸುರಕ್ಷತಾ ಮಿತಿ ಎಂದರೆ ಓವನ್ನಿನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್. ಅದನ್ನು ಅಳೆಯಲು ಅದರದೇ ಮೀಟರ್ ಬೇಕು. ಬಾಗಿಲು ಅಥವಾ ಮ್ಯಾಗ್ನೆಟ್ರಾನ್ ರಿಪೇರಿ ಮಾಡಿಸಿದಾಗ ಮೀಟರ್ ಇಟ್ಟು ತೋರಿಸಿ ಎಂದು ಮೆಕ್ಯಾನಿಕ್ಕನ್ನು ಕೇಳಿ.

ರಿಪೇರಿಯೋ, ಹೊಸದೋ

ಮೈಕಾ, ಪ್ಲೇಟ್ ಮೋಟರ್, ಬಾಗಿಲ ಸ್ವಿಚ್, ಫ್ಯೂಸ್, ಡಯೋಡ್: ಇವಕ್ಕೆ ಕಣ್ಣು ಮುಚ್ಚಿ ರಿಪೇರಿ ಮಾಡಿಸಿ. ಮ್ಯಾಗ್ನೆಟ್ರಾನ್ ಅಥವಾ ಕಂಟ್ರೋಲ್ ಬೋರ್ಡ್ ಹೋಗಿದ್ದರೆ ಬೆಲೆ ಕೇಳಿ ಯೋಚಿಸಿ. ಬರೀ ಬಿಸಿ ಮಾಡುವ ಹಳೆಯ ಓವನ್ ಆದರೆ ನಾನು ಹೊಸದನ್ನೇ ಕೊಳ್ಳುತ್ತೇನೆ. ಗ್ರಿಲ್, ಕನ್ವೆಕ್ಷನ್ ಇರುವ ದುಬಾರಿಯದ್ದಾದರೆ ಮಾಡಿಸಬಹುದು.

ಕೆಟ್ಟ ಓವನ್ನನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಪ್ಲಗ್ ವೈರನ್ನು ಕತ್ತರಿಸಿಯೇ ಕೊಟ್ಟರೆ ಇನ್ನೂ ವಾಸಿ. ಅದರ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮರದ ಮೇಲೆ ಮಿಂಚಿನಂಥ ಚಿತ್ರ ಸುಡುವ ವಿಡಿಯೋಗಳು ಓಡಾಡುತ್ತಿರುತ್ತವೆ. ಹಾಗೆ ಮಾಡಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಮನೆಯಲ್ಲಿ ಕುತೂಹಲದ ಹುಡುಗರಿದ್ದರೆ ಹಳೆಯ ಓವನ್ನನ್ನು ಅಟ್ಟದ ಮೇಲೆ ಇಟ್ಟುಕೊಳ್ಳಬೇಡಿ.